ಬೆರಳು ಒತ್ತದೆ ಹುಟ್ಟಿದ ಸ್ವರ

ದೆವ್ವದ ಕಥೆ ಶುರುವಾಯಿತೆಂದರೆ ಮೆಲ್ಲಗೆ ಚಪ್ಪಲಿ ಹುಡುಕಿಕೊಂಡು ಹೊರಡುವವರ ಪೈಕಿ ನಾನು. ನಮ್ಮ ಕಚೇರಿಯಲ್ಲಿ ಒಬ್ಬರಿದ್ದರು. ಅವರ ಹಿತ್ತಲಲ್ಲಿ ಅಮಾವಾಸ್ಯೆಗೊಮ್ಮೆ ಗೆಜ್ಜೆಯ ಸದ್ದು ಬರುತ್ತಿತ್ತಂತೆ. ಪಕ್ಕದ ಮನೆಯ ಎಮ್ಮೆಗೆ ಕಟ್ಟಿರುವ ಸರಪಳಿಯನ್ನು ಒಮ್ಮೆ ನೋಡಿ ಬನ್ನಿ ಎಂದು ಹೇಳಿ ಅವರ ಸ್ನೇಹ ಕಳೆದುಕೊಂಡೆ. ಪಶ್ಚಾತ್ತಾಪವೇನೂ ಆಗಲಿಲ್ಲ. ಸದ್ದು ಎಂದರೆ ಏನೋ ಒಂದು ಅಲುಗಾಡಿರಬೇಕು, ಅಲುಗಾಡಿಸಿದ್ದು ಇನ್ನೊಂದಿರಬೇಕು. ಇಷ್ಟೇ ನನ್ನ ವೇದಾಂತ. ಇವತ್ತಿಗೂ ಅದನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಆದರೆ ತಾಯಲೂರಿನ ಕಡೆಯ ಒಂದು ಮನೆಯಲ್ಲಿ, ಹಾಡುಹಗಲಿನಲ್ಲಿ, ನನ್ನ ತೊಡೆಯ ಮೇಲೆಯೇ ನಡೆದದ್ದಕ್ಕೆ ಈ ವೇದಾಂತ ಸಾಲದಾಯಿತು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನೀವೂ ಚಪ್ಪಲಿ ಹುಡುಕಿಕೊಳ್ಳಬಹುದು.

ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಮದುವೆ, ಗಣೇಶನ ಹಬ್ಬ, ಯಾರಾದರೂ ಪುಢಾರಿಯ ಹುಟ್ಟುಹಬ್ಬ, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ನುಡಿಸಿ ಬರುತ್ತಿದ್ದೆವು. ನಾನು ಸಾದಾ ಗಿಟಾರ್. ಬೇಸ್ ಗಿಟಾರ್ ಮುನಿರಾಜು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೇಸ್ ಗಿಟಾರಿಗೆ ನಾಲ್ಕೇ ತಂತಿ, ನಾಲ್ಕೂ ದಪ್ಪ. ಅದು ಹಾಡಿನ ಅಡಿಪಾಯ. ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತರೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಮುನಿರಾಜು ಕೂಡ ಹಾಗೆಯೇ ಇದ್ದ. ವ್ಯಾನಿನಲ್ಲಿ ಮೂಲೆ ಹಿಡಿದು ಕೂತರೆ ಇಳಿಯುವವರೆಗೆ ಮಾತಿಲ್ಲ.

ಅವನ ಮನೆಯವರು ರಾಗಿ, ಹಿಪ್ಪುನೇರಳೆ ಬೆಳೆದುಕೊಂಡು ರೇಷ್ಮೆಹುಳು ಸಾಕುವವರು. ಆ ಮನೆಗೆ ಬೇಸ್ ಗಿಟಾರ್ ಹೇಗೆ ಬಂತೆಂದರೆ, ಅವನು ಒಂದೆರಡು ವರ್ಷ ಚಿನ್ನದ ಗಣಿಯ ಊರಿನಲ್ಲಿ ಕೂಲಿಗೆ ಹೋಗುತ್ತಿದ್ದ. ಅಲ್ಲಿನ ಕ್ಲಬ್ಬಿನ ಬ್ಯಾಂಡಿನಲ್ಲಿ ಕಂಟ್ರಿ ಹಾಡು ನುಡಿಸುತ್ತಿದ್ದ ಒಬ್ಬ ಮುದುಕ ದೇಶ ಬಿಟ್ಟು ಮಕ್ಕಳ ಹತ್ತಿರ ಹೊರಟಿದ್ದ. ಹೋಗುವ ಮುಂಚೆ ಗಿಟಾರನ್ನೂ ಕೊಟ್ಟ, ನುಡಿಸುವುದನ್ನೂ ಹೇಳಿಕೊಟ್ಟ. ಕಂಟ್ರಿ ಎಂದರೆ ಅಮೆರಿಕದಲ್ಲಿ ದನ ಕಾಯುವವರ, ಕುದುರೆ ಮೇಲೆ ತಿರುಗುವವರ ಹಾಡು. ಅದರ ಬೇಸಿನಲ್ಲಿ ಹೆಚ್ಚೇನೂ ಇಲ್ಲ. ಷಡ್ಜ, ಪಂಚಮ, ಮತ್ತೆ ಷಡ್ಜ, ಪಂಚಮ. ದುಂ, ದಂ, ದುಂ, ದಂ. ಕುದುರೆ ಅವಸರವಿಲ್ಲದೆ ನಡೆದ ಹಾಗೆ. ನಮ್ಮ ಸಿನಿಮಾದಲ್ಲಿ ನಾಯಕ ಕುದುರೆಯ ಮೇಲೆ ಬಂದರೆ ಇದೇ ನಡೆ. ಹಾಡು ಮುಗಿಯುವಾಗ ಮಾತ್ರ ಮುನಿರಾಜು ತನ್ನದೊಂದು ಸಹಿ ಹಾಕುತ್ತಿದ್ದ: ಪಂಚಮ, ಗಾಂಧಾರ, ಷಡ್ಜ. ಮೂರು ಮೆಟ್ಟಿಲು ಇಳಿದು ನಿಂತುಬಿಡುತ್ತಿದ್ದ.

ನಡೆ ಯಾರು ಬೇಕಾದರೂ ಕಲಿಯಬಹುದು. ಅವನ ನಾದ ಮಾತ್ರ ಯಾರಿಗೂ ಬರಲಿಲ್ಲ. ಅದು ಮೊಂಡಾಗಿ, ಒಣಗಿ, ಆದರೆ ಎದೆಗೆ ತಾಗುವ ಹಾಗೆ ಇರುತ್ತಿತ್ತು. ಪಕ್ಕದ ಮನೆಯಲ್ಲಿ ಒನಕೆ ಬಿದ್ದರೆ ಗೋಡೆಯ ಮೂಲಕ ಬರುತ್ತದಲ್ಲ, ಹಾಗೆ. ಗುಂಯ್ ಎಂದು ಎಳೆಯುತ್ತಿರಲಿಲ್ಲ. ನನ್ನ ಕೈಗೆ ಕೊಟ್ಟರೆ ಎಳೆಯುತ್ತಿತ್ತು. ಅವನು ಅದನ್ನು ಸಹಿಸುತ್ತಿರಲಿಲ್ಲ.

"ಹುಟ್ಟಿದ ಕೂಡ್ಲೆ ಸಾಯ್ಬೇಕು ಕಣೋ ಸ್ವರ," ಎನ್ನುತ್ತಿದ್ದ. "ಎಳೆದಾಡಬಾರ್ದು. ಎಳೆದಾಡಿದ್ರೆ ಮುಂದಿನ್ದಕ್ಕೆ ಜಾಗ ಎಲ್ಲಿರ್ತೈತೆ?"

ಗಿಟಾರಿನ ಕುದುರೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ಅದರ ಹತ್ತಿರ ತಂತಿಗಳ ಕೆಳಗೆ ಅವನು ಏನನ್ನೋ ತುರುಕಿ ಮೇಲೆ ಬಟ್ಟೆ ಸುತ್ತಿರುತ್ತಿದ್ದ. ಏನೋ ಅದು ಎಂದರೆ ನಗುತ್ತಿದ್ದ. ನಾವೂ ಹೆಚ್ಚು ಕೆದಕಲಿಲ್ಲ. ಅಡುಗೆಯವರು ಮಸಾಲೆ ಹೇಳುತ್ತಾರೆಯೇ?

ಅವನ ಅಪ್ಪ ಮುನಿಶಾಮಪ್ಪನವರಿಗೆ ಈ ಗಿಟಾರ್ ಕಂಡರೆ ಆಗುತ್ತಿರಲಿಲ್ಲ. ಅವರ ಸಿಟ್ಟಿಗೆ ಕಾರಣವೂ ಇತ್ತು. ಹುಳು ಸೊಪ್ಪಿಗೆ ಬಾಯಿಬಿಡುವ ಹೊತ್ತಿಗೆ ಮಗ ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಯಾರದೋ ಮದುವೆಯಲ್ಲಿ ದುಂ ದುಂ ಎನ್ನಿಸುತ್ತಿದ್ದರೆ ಯಾವ ಅಪ್ಪ ಸುಮ್ಮನಿರುತ್ತಾನೆ? ಮನೆಯೊಳಗೆ ಅದರ ಸದ್ದು ಬರಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಮುನಿರಾಜು ಹಿಂದಿನ ಹುಳುವಿನ ಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದ. ಅವನ ತಾಯಿ ಅಕ್ಕಯ್ಯಮ್ಮ ತಟ್ಟೆಗಳಿಗೆ ಸೊಪ್ಪು ಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದರಂತೆ.

ಒಂದು ಬೇಸಿಗೆಯಲ್ಲಿ ಅವನ ಕಣ್ಣು ಹಳದಿಯಾಯಿತು. ಮದುವೆಯ ಕಾಲ, ಒಪ್ಪಿಕೊಂಡ ಕಾರ್ಯಕ್ರಮ ಬಿಡಲೊಲ್ಲ. ಸೊಪ್ಪಿನ ಔಷಧಿ ಕುಡಿದುಕೊಂಡೇ ನುಡಿಸಿದ. ಮಲಗಿದ ಮೇಲೆ ಬಹಳ ದಿನ ಉಳಿಯಲಿಲ್ಲ. ಕಡೆಯ ದಿನಗಳಲ್ಲಿ ನಾನು ನೋಡಲು ಹೋದಾಗ ಮಂಚದ ಚೌಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟುತ್ತಲೇ ಇದ್ದ. ದುಂ, ದಂ. ಮಾತು ನಿಂತ ಮೇಲೂ ಅದು ನಡೆದಿತ್ತು. ಅಕ್ಕಯ್ಯಮ್ಮ ಪಕ್ಕದಲ್ಲಿ ಕೂತು ಆ ಬೆರಳನ್ನೇ ನೋಡುತ್ತಿದ್ದರು. ಅವನು ಸತ್ತ ಮೇಲೆ ನಮ್ಮ ಆರ್ಕೆಸ್ಟ್ರಾವೂ ಚದುರಿತು. ನನಗೆ ಕೋಲಾರದಲ್ಲೇ ಗುಮಾಸ್ತನ ಕೆಲಸ ಸಿಕ್ಕಿತು. ಗಿಟಾರನ್ನು ಅಟ್ಟಕ್ಕೆ ಹಾಕಿದೆ.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಮುನಿರಾಜುವಿನ ತಂಗಿ ರತ್ನಮ್ಮ ಕಚೇರಿಗೆ ಬಂದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮದುವೆಯಾಗಿ, ಎರಡು ಮಕ್ಕಳಾಗಿ ಬಡವಾಗಿದ್ದಳು. ಹೊರಗೆ ಕರೆದುಕೊಂಡು ಹೋಗಿ ಟೀ ಕುಡಿಸಿದೆ. ಮುನಿಶಾಮಪ್ಪನವರಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು. ಮಾತಿಲ್ಲ. ಬೆನ್ನಿನಲ್ಲಿ ಹುಣ್ಣಾಗಿ ನೊಣ ಮುತ್ತುತ್ತಿತ್ತು. ಇವತ್ತು ಹೋಗುತ್ತಾರೆ, ನಾಳೆ ಹೋಗುತ್ತಾರೆ ಎಂದು ನೆಂಟರು ಬಂದು, ಕಾದು, ಬೇಸತ್ತು ಹಿಂತಿರುಗಿದ್ದರು.

ನಮ್ಮ ಕಡೆ ಹೀಗೆ ಜೀವ ಹೋಗದೆ ನಿಂತರೆ ಯಾವುದೋ ಆಸೆಗೆ ಸಿಕ್ಕಿಕೊಂಡಿದೆ ಎನ್ನುತ್ತಾರೆ. ಆ ಆಸೆ ಯಾವುದೆಂದು ಊಹಿಸಿ ಒಂದೊಂದನ್ನೇ ನಾಲಿಗೆಗೆ ಮುಟ್ಟಿಸುತ್ತಾರೆ. ಅವರಿಗೂ ಎಲ್ಲ ಆಗಿತ್ತು. ಹೊಲದ ಮಣ್ಣು ಕದಡಿದ ನೀರು, ಚಿನ್ನ ತೇಯ್ದ ಹಾಲು, ಒಂದು ಹನಿ ಹೆಂಡ, ಕುರುಡುಮಲೆಯಿಂದ ತಂದ ತೀರ್ಥ. ಮೆಚ್ಚಿನ ಎತ್ತನ್ನು ಬಾಗಿಲವರೆಗೆ ತಂದು ನಿಲ್ಲಿಸಿದ್ದೂ ಆಯಿತು. ಯಾವುದಕ್ಕೂ ಜೀವ ಅಲುಗಲಿಲ್ಲ. ಆಮೇಲೆ ರತ್ನಮ್ಮ ಗಮನಿಸಿದಳು: ಅಪ್ಪನ ಸ್ವಾಧೀನವಿರುವ ಕೈಯ ಎರಡು ಬೆರಳು ಮಂಚದ ಚೌಕಟ್ಟಿನ ಮೇಲೆ ತಟ್ಟುತ್ತಿದ್ದವು. ಅದೇ ಮಂಚ, ಅದೇ ತಟ್ಟು.

"ಜೀವಮಾನವೆಲ್ಲ ಅಣ್ಣನ ಗಿಟಾರಿಗೆ ಬೈದೋರು," ಎಂದಳು. "ಒಂದು ದಿನಾನೂ ಕೂತು ಕೇಳಿರ್ಲಿಲ್ಲ. ಅದೇ ಸಿಕ್ಕಾಕ್ಕೊಂಡೈತೆ ಅಂತ ನಂಗನ್ನಿಸ್ತೈತೆ. ನೀವು ಬಂದು ಅಣ್ಣನ ಥರ ನುಡಿಸ್ಬೇಕು."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಮಿದುಳಿನಲ್ಲಿ ರಕ್ತ ಕಟ್ಟಿದವರ ಕೈ ಹಾಗೆ ಅದುರುವುದು ಸಹಜ, ಅದಕ್ಕೆ ಗಿಟಾರ್ ಔಷಧಿಯಲ್ಲ ಎಂದು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಟೀ ಲೋಟ ಕೆಳಗಿಟ್ಟಳು.

"ಸಾಯಿಸಿ ಅಂತ ಕೇಳ್ತಿಲ್ಲ ಅಣ್ಣಾ. ಹುಣ್ಣು ತೊಳೆಯೋಳು ನಾನು. ನೋಡಕ್ಕಾಗ್ತಿಲ್ಲ."

ಮುಂದಿನ ಭಾನುವಾರ ಹೋದೆ.

ಗಿಟಾರನ್ನು ಅಕ್ಕಯ್ಯಮ್ಮ ತಮ್ಮ ಹಳೆಯ ಸೀರೆಯಲ್ಲಿ ಸುತ್ತಿ ಹುಳುವಿನ ಮನೆಯ ಅಟ್ಟದಲ್ಲಿ ಇಟ್ಟಿದ್ದರು. ಆಕೆ ಗಟ್ಟಿಯಾಗಿಯೇ ಇದ್ದರು. ಸಣ್ಣಗಿನ, ಚುರುಕಿನ ಹೆಂಗಸು. ನನ್ನನ್ನು ಕಂಡು ಊಟ ಮಾಡಿದೆಯಾ ಎಂದು ತೆಲುಗಿನಲ್ಲಿ ಕೇಳಿದರು, ಸೊಪ್ಪಿನ ಹೊರೆ ಎತ್ತಿಕೊಂಡು ಒಳಗೆ ಹೋದರು. ಕಾಯಿಲೆ ಎಂದರೆ ಕಾಯಿಲೆಯಿಲ್ಲ. ಹುಳುಗಳು ಆಗ ಗೂಡು ಕಟ್ಟುವ ಮುಂಚಿನ ಕೊನೆಯ ಹಸಿವಿನಲ್ಲಿದ್ದವು, ಆಕೆಗೆ ಕೂರಲು ಪುರುಸೊತ್ತಿರಲಿಲ್ಲ. ಗಿಟಾರಿನ ತಂತಿಗಳಿಗೆ ತುಕ್ಕು ಹಿಡಿದಿತ್ತು, ಬಿಗಿ ಮಾಡಲು ಹೋದರೆ ಒಂದು ಕಿತ್ತೇಹೋಯಿತು. ತಂತಿಯ ಕೆಳಗೆ ತುರುಕಿದ್ದೇನೋ ಇಲಿ ತಿಂದು ಬರಿ ಬಟ್ಟೆ ಉಳಿದಿತ್ತು.

ಗಿಟಾರನ್ನು ಮನೆಗೆ ತಂದು, ಬೆಂಗಳೂರಿನಿಂದ ಹೊಸ ತಂತಿ ತರಿಸಿದೆ. ಅದು ತಟ್ಟೆ ಬಿದ್ದ ಹಾಗೆ ಠಣ್ ಎಂದಿತು. ಮುನಿರಾಜು ತಂತಿ ಬದಲಾಯಿಸಿದ್ದನ್ನು ನಾನು ಕಂಡಿರಲಿಲ್ಲ. ವರ್ಷಗಟ್ಟಲೆ ಬೆವರು, ಎಣ್ಣೆ ಕುಡಿದ ತಂತಿ ಅವನದು. ಹರಳೆಣ್ಣೆ ಹಚ್ಚಿ ಒರೆಸಿ, ಮತ್ತೆ ಹಚ್ಚಿ ಒರೆಸಿ ಹೊಳಪು ಕೊಂದೆ. ಕಚೇರಿಯಿಂದ ಬಂದು ದಿನವೂ ಇದೇ ಕೆಲಸ. ಹೆಂಡತಿ ನೋಡಿ, ತಂತಿಗೆ ಬಾಣಂತನ ಮಾಡ್ತಿದೀರಲ್ಲ ಎಂದಳು. ಆಮೇಲೆ ಆಂಪ್ಲಿಫೈಯರ್. ಆಗ ಎಲ್ಲ ಕಡೆ ಟ್ರಾನ್ಸಿಸ್ಟರಿನವು ಬಂದುಬಿಟ್ಟಿದ್ದವು. ಅವುಗಳ ಧ್ವನಿ ಚೊಕ್ಕಟ, ಒಳಗೆ ಬಿಸಿಯಿಲ್ಲ. ನಮ್ಮ ಕಾಲದ್ದು ಗಾಜಿನ ವಾಲ್ವುಗಳಿದ್ದದ್ದು. ಹಚ್ಚಿದರೆ ಕೆಂಪಗೆ ಕಾಯಬೇಕು, ಕಾದ ಮೇಲೆ ಧೂಳು ಸುಟ್ಟ ವಾಸನೆ ಬರಬೇಕು, ಆಗ ಅದು ಹಾಡಲು ತಯಾರು. ಮುಳಬಾಗಿಲಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದ ಬಾಷಾ ಅಂಥದ್ದೊಂದನ್ನು ಗೋದಾಮಿನ ಮೂಲೆಯಲ್ಲಿ ಇಟ್ಟಿದ್ದ. ಆರ್ಕೆಸ್ಟ್ರಾದ ದಿನಗಳಲ್ಲಿ ನಮ್ಮ ಜೊತೆ ತಿರುಗಿದವನು. ಕಾರಣ ಹೇಳಿದೆ. ಅವನೂ ನನ್ನ ಹಾಗೆ ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವನಲ್ಲ. ಆದರೆ ಮುನಿರಾಜು ಹೆಸರು ಕೇಳಿ, ನಾನೂ ಬರ್ತೀನಿ ನಡಿ ಭಾಯ್ ಎಂದು ಸೆಟ್ಟನ್ನು ಬಾಡಿಗೆ ಗಾಡಿಗೆ ಹೇರಿದ.

ನಾವು ಹೋದದ್ದು ಮಧ್ಯಾಹ್ನ, ಪಂಪುಸೆಟ್ಟಿಗೆಂದು ಕರೆಂಟು ಬಿಡುವ ಹೊತ್ತು. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ಹುಳುಗಳು ಮೇವು ಬಿಟ್ಟು ಹಣ್ಣಾಗಿ ಚಂದ್ರಿಕೆ ಏರಿದ್ದವು. ಗೂಡು ಕಟ್ಟಲು ಹುಳು ಬಿಡುವ ಆ ಬಿದಿರಿನ ತಡಿಕೆಗಳನ್ನು ಗೋಡೆಗೆ ಸಾಲಾಗಿ ಒರಗಿಸಿದ್ದರು, ಹುಳುಗಳು ಸದ್ದಿಲ್ಲದೆ ತಲೆಯಾಡಿಸುತ್ತಾ ಗೂಡು ಕಟ್ಟುತ್ತಿದ್ದವು. ಪಕ್ಕದ ಮನೆಯ ಹೆಂಗಸೊಬ್ಬಳು, ಹುಳ ಗೂಡು ಕಟ್ಟೋ ಹೊತ್ತಲ್ಲಿ ಮನೇಲಿ ಸೂತಕ ಆಗಬಾರ್ದಪ್ಪಾ, ಬೆಳೆ ಕೆಡ್ತೈತೆ ಎಂದು ನಮ್ಮ ಮುಖ ನೋಡಿದಳು. ರತ್ನಮ್ಮ ಅವಳನ್ನು ಕಳಿಸಿ ಬಾಗಿಲು ಮುಂದಕ್ಕೆ ಮಾಡಿದಳು.

ಮುನಿಶಾಮಪ್ಪನವರು ಎತ್ತು ಪಳಗಿಸುತ್ತಿದ್ದ ಮನುಷ್ಯ. ಈಗ ಚರ್ಮ ಮೂಳೆಗೆ ಅಂಟಿತ್ತು, ಕಣ್ಣು ಅರ್ಧ ಮುಚ್ಚಿತ್ತು, ವಾಸನೆಗೆ ಬೇವಿನ ಸೊಪ್ಪು ಕಟ್ಟಿದ್ದರು. ಎರಡು ಬೆರಳು ಮಾತ್ರ ತಟ್ಟುತ್ತಿದ್ದವು. ಉಸಿರು ಎಳೆಯುವಾಗ ಗೊರಗೊರ ಸದ್ದು. ನಿಂತಿತೇನೋ ಎಂದುಕೊಂಡರೆ ಮತ್ತೆ ಎಳೆಯುತ್ತಿತ್ತು. ಎಳೆದಾಡಬಾರ್ದು ಎಂಬ ಮುನಿರಾಜುವಿನ ಮಾತು ನೆನಪಾಯಿತು.

ಬಾಷಾ ಸೆಟ್ಟು ಹಚ್ಚಿದ. ವಾಲ್ವು ಕಾದವು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಗಿಟಾರಿನ ಪಟ್ಟಿ ಕೊರಳಿಗೆ ಹಾಕಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಮೆಲ್ಲಗೆ ಶುರು ಮಾಡಿದೆ. ತಂತಿಯ ಕೆಳಗೆ ಸ್ಪಂಜು ಇಟ್ಟಿದ್ದೆ. ಬಾಷಾ ಪರವಾಗಿಲ್ಲ ಎಂದು ತಲೆಯಾಡಿಸಿದ. ಅಕ್ಕಯ್ಯಮ್ಮ ಒಳಗಿಂದ ಕೈ ಒರೆಸಿಕೊಳ್ಳುತ್ತಾ ಬಂದು ಗೋಡೆಗೊರಗಿ ನೆಲದ ಮೇಲೆ ಕೂತರು. ಸ್ವಲ್ಪ ಕೇಳಿ ತಲೆಯಾಡಿಸಿದರು.

"ಅದಿ ಕಾದು ನಾಯನಾ," ಎಂದರು. ಅದಲ್ಲಪ್ಪಾ ಎಂದು.

ಸ್ಪಂಜು ತೆಗೆದು ಬಟ್ಟೆ ಮಡಿಸಿಟ್ಟೆ. ಅದಲ್ಲ. ತೆಂಗಿನ ನಾರು ಇಟ್ಟೆ. ಅದೂ ಅಲ್ಲ. ಹತ್ತಿ ಇಟ್ಟರೆ ಸ್ವರವೇ ಸತ್ತುಹೋಯಿತು. ಬಾಷಾ ಸೆಟ್ಟಿನ ತಿರುಪುಗಳನ್ನು ತಿರುಗಿಸಿ ನೋಡಿದ. ಪ್ರತಿ ಸಲವೂ ಆಕೆ ಕಣ್ಣು ಮುಚ್ಚಿ ಕೇಳಿ, ಇಲ್ಲವೆನ್ನುವರು. ನನಗೆ ರೇಗಿತು. ಸಾಯುತ್ತಿರುವವರಿಗೆ ಇಷ್ಟು ಸೂಕ್ಷ್ಮ ಯಾಕಮ್ಮಾ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕೊನೆಗೆ ಮುನಿರಾಜು ಏನಿಡುತ್ತಿದ್ದ, ನಿಮಗೇನಾದರೂ ಗೊತ್ತೇ ಎಂದು ಕೇಳಿದೆ. ಆಕೆ ಎದ್ದು ಹುಳುವಿನ ಮನೆಗೆ ಹೋಗಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು.

ರೇಷ್ಮೆಗೂಡುಗಳು. ಒಂದು ತುದಿಯಲ್ಲಿ ತೂತಿದ್ದವು. ಚಿಟ್ಟೆ ಒಳಗಿಂದ ಕೊರೆದುಕೊಂಡು ಹೊರಟುಹೋದ ಮೇಲೆ ಉಳಿಯುವ ಗೂಡು. ನೂಲಿಗೆ ಬರುವುದಿಲ್ಲ. ಅವನು ಚಿಕ್ಕ ಹುಡುಗನ ಹಾಗೆ ನನ್ನ ಹತ್ತಿರ ಬೇಡಿ ತಗೊಂಡು ಹೋಗ್ತಿದ್ದ ಎಂದರು. ಅಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಈಗ ಕೇಳಬೇಕಿತ್ತು ಅನ್ನಿಸುತ್ತದೆ.

ಗೂಡುಗಳನ್ನು ಚಪ್ಪಟೆ ಮಾಡಿ ಸಾಲಾಗಿ ತಂತಿಗಳ ಕೆಳಗೆ ತುರುಕಿದೆ. ಕೈ ಹಾಕಿದೆ.

ದುಂ. ಅಷ್ಟೇ. ಹುಟ್ಟಿತು, ಸತ್ತಿತು. ಬಾಷಾ ತಿರುಪು ಹಿಡಿದಿದ್ದ ಕೈ ಹಾಗೇ ನಿಂತಿತು. ಅದು ಅವನದೇ. ವ್ಯಾನಿನ ಮೂಲೆಯಲ್ಲಿ ಕೂತು, ತೊಡೆಯ ಮೇಲೆ ಇದನ್ನೇ ಇಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದವನು ಕಣ್ಣಿಗೆ ಕಟ್ಟಿದ. ಆಕೆ ಅದಲ್ಲ ಎನ್ನಲಿಲ್ಲ. ಗೋಡೆಗುಂಟ ನನ್ನ ಪಕ್ಕಕ್ಕೆ ಸರಿದು, ಗಿಟಾರಿನ ಮರದ ಮೇಲೆ ಬಲ ಅಂಗೈ ಇಟ್ಟು ಗೋಡೆಗೆ ತಲೆ ಒರಗಿಸಿದರು.

ನಾನು ಷಡ್ಜ, ಪಂಚಮ ನುಡಿಸುತ್ತಾ ಹೋದೆ. ಎರಡೂ ಬಿಡಿ ತಂತಿಗಳು. ಎಡಗೈ ಒತ್ತುವ ಕೆಲಸವೇ ಇರಲಿಲ್ಲ. ಎಷ್ಟು ಹೊತ್ತು ಹೇಳಲಾರೆ. ಒಂದು ಹಂತದಲ್ಲಿ ಮಂಚದ ಮೇಲಿನ ಬೆರಳು ನಿಂತವು. ಗೊರಗೊರವೂ ನಿಂತಿತು. ರತ್ನಮ್ಮ ಅಪ್ಪನ ಮೇಲೆ ಬಾಗಿದಳು. ಮುಗಿಯಿತು ಎಂದುಕೊಂಡು ನಾನೂ ಎರಡು ಕೈ ತೆಗೆದು ಮಂಚದ ಪಟ್ಟಿ ಹಿಡಿದು ಮುಂದಕ್ಕೆ ಬಗ್ಗಿದೆ. ಗಿಟಾರು ಕೊರಳ ಪಟ್ಟಿಯಲ್ಲಿ ತೊಡೆಯ ಮೇಲೆಯೇ ನಿಂತಿತ್ತು.

ದುಂ, ದಂ. ದುಂ, ದಂ.

ಸ್ವರ ನಿಂತಿರಲಿಲ್ಲ.

ಮೊದಲು ಏನೂ ಅನ್ನಿಸಲಿಲ್ಲ, ನಾನೇ ನುಡಿಸುತ್ತಿದ್ದೇನೆ ಎಂದುಕೊಂಡೆ. ಆಮೇಲೆ ಕೈ ನೋಡಿಕೊಂಡೆ. ಎರಡೂ ಮಂಚದ ಪಟ್ಟಿಯ ಮೇಲಿದ್ದವು. ತಂತಿ ಅದುರುವುದು ಹೊಟ್ಟೆಗೆ ತಾಗುತ್ತಿತ್ತು. ಬಾಷಾ ನನ್ನ ಕೈಯನ್ನೂ ಗಿಟಾರನ್ನೂ ನೋಡುತ್ತಿದ್ದ. ಅಕ್ಕಯ್ಯಮ್ಮನ ಅಂಗೈ ಮರದ ಮೇಲೆ ಇದ್ದಲ್ಲೇ ಇತ್ತು, ತಂತಿಯಿಂದ ದೂರ. ಆಕೆ ಕಣ್ಣು ತೆರೆದರು. ಬಾಗಿಲ ಕಡೆ ನೋಡಲಿಲ್ಲ, ಮಂಚದ ಕಡೆಯೂ ನೋಡಲಿಲ್ಲ. ಗಿಟಾರನ್ನು ನೋಡಿ, ಮಗ ತಡವಾಗಿ ಮನೆಗೆ ಬಂದಾಗ ಕೇಳುವ ದನಿಯಲ್ಲಿ ಕೇಳಿದರು.

"ವಚ್ಚಿನಾವಾ ನಾಯನಾ?"

ಬಂದೆಯಾ ಮಗನೇ ಎಂದು. ಅದಾದ ಮೇಲೆ ಮೂರು ಸ್ವರ ಬಂತು. ಪಂಚಮ, ಗಾಂಧಾರ, ಷಡ್ಜ. ಮೂರು ಮೆಟ್ಟಿಲು ಇಳಿದು ನಿಂತಿತು. ಒಣ ಮೌನ. ಸೆಟ್ಟಿನ ಸಣ್ಣ ಗುಂಯ್‌ಗುಡುವಿಕೆ ಮಾತ್ರ ಉಳಿಯಿತು.

ರತ್ನಮ್ಮನಿಗೆ ಇದ್ಯಾವುದೂ ಗೊತ್ತಾಗಲಿಲ್ಲ, ನಾನೇ ನುಡಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅಪ್ಪಾ ಅಪ್ಪಾ ಎಂದು ಕರೆಯುತ್ತಿದ್ದಳು. ಮುನಿಶಾಮಪ್ಪನವರು ಕಣ್ಣು ಪೂರ್ತಿ ತೆರೆದಿದ್ದರು. ಎಷ್ಟೋ ದಿನದ ಮೇಲೆ ಕಣ್ಣಿನಲ್ಲಿ ಬೆಳಕಿತ್ತು. ಅವರು ಮಗಳನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಸ್ವಾಧೀನವಿರುವ ಕೈಯನ್ನು ಮಂಚದಿಂದ ಕೆಳಕ್ಕೆ ಚಾಚಿ ನೆಲದ ಕಡೆ ತಡಕಾಡುತ್ತಿದ್ದರು. ಆ ಕೈ ಹೋದ ಕಡೆ ನಾವೂ ನೋಡಿದೆವು. ಅಕ್ಕಯ್ಯಮ್ಮನ ತಲೆ ಗೋಡೆಗೆ ಒರಗಿತ್ತು. ಅಂಗೈ ಗಿಟಾರಿನಿಂದ ಜಾರಿ ಮಡಿಲಿಗೆ ಬಿದ್ದಿತ್ತು. ಮುಖದಲ್ಲಿ ನೋವಿಲ್ಲ, ಏನೂ ಇಲ್ಲ. ಒಂದು ಕೆಮ್ಮು ಕೂಡ ಕೇಳಿಸಿರಲಿಲ್ಲ. ಬಾಷಾ ಮೂಗಿನ ಹತ್ತಿರ ಕೈ ಹಿಡಿದು ನೋಡಿದ. ಆಮೇಲೆ ಹೋಗಿ ಸೆಟ್ಟಿನ ಸ್ವಿಚ್ಚು ಆರಿಸಿದ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಅಪ್ಪನಿಗೆಂದು ತಂದಿಟ್ಟ ಬಿಳಿ ಬಟ್ಟೆಯನ್ನು ರತ್ನಮ್ಮ ಅಮ್ಮನಿಗೆ ಹೊದಿಸಿದಳು. ಎದೆ ನಿಂತಿರಬೇಕು ಎಂದು ಊರಿನವರು ಅಂದರು. ಇರಬಹುದು. ಹುಳು ಕೆಡುತ್ತದೆ ಎಂದಿದ್ದರಲ್ಲ, ಅದು ಮಾತ್ರ ಸುಳ್ಳಾಯಿತು. ಗೂಡು ಚೆನ್ನಾಗಿಯೇ ಬಂತಂತೆ. ಮುಳಬಾಗಿಲಿಗೆ ವಾಪಸು ಬಂದಾಗ ಬಾಷಾ ಅಂಗಡಿಯ ಮುಂದೆ ಇಳಿದು, ಬೀಡಿ ಹಚ್ಚಲು ಹೋಗಿ ಕಡ್ಡಿ ನಂದಿಸಿದ.

"ನಿನ್ನ ಕೈ ಮಂಚದ ಮೇಲಿತ್ತು ಭಾಯ್. ನಾನು ನೋಡ್ದೆ," ಎಂದ. "ಇನ್ನು ಇದರ ಬಗ್ಗೆ ನನ್ನ ಕೇಳ್ಬೇಡ."

ಕೆಲವು ತಿಂಗಳ ಮೇಲೆ ರತ್ನಮ್ಮ ಹೇಳಿಕಳಿಸಿದಳು. ಹೋದೆ. ಮುನಿಶಾಮಪ್ಪನವರನ್ನು ಅಂಗಳದ ಬೇವಿನ ಮರದ ಕೆಳಗೆ ಮಲಗಿಸಿದ್ದರು. ಗಂಜಿ ಕುಡಿಯುತ್ತಿದ್ದರು, ಹುಣ್ಣು ಒಣಗಿತ್ತು, ನಾಲಿಗೆ ತೊದಲಿದರೂ ಮಾತು ತಿಳಿಯುತ್ತಿತ್ತು. ಗಿಟಾರ್ ನೀನು ತಗೊಂಡು ಹೋಗು ಎಂದರು. ನಾನು ಹೊರಡಲೆಂದು ಎದ್ದಾಗ ಕೈ ಹಿಡಿದು ಕೂರಿಸಿದರು.

"ನಾನು ಹೋಗಕ್ಕಾಗ್ದೆ ಮಲಗಿರ್ಲಿಲ್ಲ ಕಣಪ್ಪಾ," ಎಂದರು. "ಅವಳನ್ನ ಬಿಟ್ಟು ಹೋಗಬಾರ್ದು ಅಂತ ಹಿಡ್ಕೊಂಡಿದ್ದೆ. ಮಗ ಹೋದಾಗಿಂದ ಅವಳು ಇಲ್ಲಿರ್ಲಿಲ್ಲ. ನಾನು ಅವನಂಗೆ ತಟ್ಟಿದ್ರೆ ಬಂದು ಪಕ್ಕದಲ್ಲಿ ಕೂತ್ಕೊಂಡು ಒಂದು ತುತ್ತು ತಿನ್ನೋಳು. ಅದಕ್ಕೇ ತಟ್ತಿದ್ದೆ."

ನಾವೆಲ್ಲ ಮಂಚದ ಮೇಲಿದ್ದ ಜೀವವನ್ನೇ ನೋಡುತ್ತಿದ್ದೆವು. ಸೊಪ್ಪಿನ ಹೊರೆ ಹೊತ್ತು ಮಂಚದ ಮುಂದೆಯೇ ಓಡಾಡುತ್ತಿದ್ದ ಜೀವ ಯಾವುದಕ್ಕೆ ಸಿಕ್ಕಿಕೊಂಡಿದೆ ಎಂದು ಯಾರೂ ನೋಡಿರಲಿಲ್ಲ. ನೋಡಿದ್ದವರಿಗೆ ಬಾಯಿ ಇರಲಿಲ್ಲ. ಬರೀ ಬೆರಳಿನ ತಟ್ಟಿನಿಂದ ಆಕೆಯನ್ನು ಇಲ್ಲಿ ಹಿಡಿದಿಟ್ಟುಕೊಂಡಿದ್ದರು. ನಾವು ಮುನಿರಾಜುವಿನ ನಿಜವಾದ ನಾದವನ್ನೇ ತಯಾರಿಸಿಕೊಂಡು ಹೋದೆವು.

"ಕೊನೇಲಿ ಮೂರು ಇಳಿಸಿದ್ದು ನೀನಾ?" ಎಂದು ಕೇಳಿದರು.

ಒಂದು ದಿನವೂ ಕೂತು ಕೇಳಿರಲಿಲ್ಲ ಎಂದು ಮಗಳು ಹೇಳಿದ್ದ ಮನುಷ್ಯ. ಅಲ್ಲ ಎಂದೆ. ಅವರು ತಲೆಯಾಡಿಸಿ ಹುಳುವಿನ ಮನೆಯ ಕಡೆಗೆ ಮುಖ ತಿರುಗಿಸಿದರು. ಮುಂದೆ ಎರಡು ಮೂರು ವರ್ಷ ಬದುಕಿದ್ದು ಒಂದು ದಿನ ನಿದ್ದೆಯಲ್ಲೇ ಹೋದರು. ಯಾರೂ ಏನನ್ನೂ ನಾಲಿಗೆಗೆ ಮುಟ್ಟಿಸಬೇಕಾಗಲಿಲ್ಲ.

ನನ್ನ ಹಳೆಯ ವೇದಾಂತವನ್ನು ಕೈಬಿಡದೆ ಎಷ್ಟೋ ಯೋಚಿಸಿದ್ದೇನೆ. ಸೆಟ್ಟಿನ ಸದ್ದು ತಿರುಗಿ ಗಿಟಾರಿಗೆ ಬಡಿದು ತಂತಿ ತಾನಾಗಿ ಅದುರುವುದುಂಟು. ಆದರೆ ಹಾಗಾದಾಗ ಅದು ಊಳಿಡುತ್ತದೆ, ಕುದುರೆಯ ಹಾಗೆ ನಡೆಯುವುದಿಲ್ಲ. ಇರಲಿ, ಅದನ್ನೂ ಒಪ್ಪುತ್ತೇನೆ. ಷಡ್ಜ, ಪಂಚಮ ಬಿಡಿ ತಂತಿಗಳು. ಹೇಗೋ ಅಲುಗಾಡಿದವು ಎಂದುಕೊಳ್ಳೋಣ. ಗಾಂಧಾರಕ್ಕೆ ಬಿಡಿ ತಂತಿ ಇಲ್ಲ. ಆ ಗಿಟಾರಿನಲ್ಲಿ ಬೆರಳು ಒತ್ತದೆ ಆ ಸ್ವರ ಹುಟ್ಟುವುದಿಲ್ಲ, ನಾನು ಬಲ್ಲೆ. ಅದನ್ನು ಕೇಳಿದವರಲ್ಲಿ ಒಬ್ಬರು ಆಗಲೇ ಹೋದರು, ಒಬ್ಬರು ಆಮೇಲೆ ಹೋದರು, ಬಾಷಾ ಮಾತೆತ್ತುವುದಿಲ್ಲ.

ಗಿಟಾರ್ ನನ್ನ ಮನೆಯಲ್ಲಿದೆ. ಗೂಡುಗಳು ತಂತಿಯ ಕೆಳಗೆ ಹಾಗೇ ಇವೆ. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ದೂರ ಹಿಡಿದು ಕೂರುತ್ತೇನೆ. ಇಲ್ಲಿಯವರೆಗೆ ಏನೂ ಆಗಿಲ್ಲ. ಆಗಬಾರದು ಎಂದೇ ಕೂರುತ್ತೇನೆ, ಆಗದಿದ್ದಾಗ ಅಳು ಬರುತ್ತದೆ.